ಬನಶಂಕರೆವ್ವ ಕಾಸಿದ ನೀರು

ಬೆಟಗೇರಿಯ ಆ ಓಣಿಯಲ್ಲಿ ನಾರಾಯಣಪ್ಪನ ಕಾಲುಗಳ ಬಗ್ಗೆ ಗೊತ್ತಿಲ್ಲದವರು ಯಾರೂ ಇಲ್ಲ. ನಲವತ್ತೆಂಟು ವರ್ಷ ಕುಣಿ ಮಗ್ಗ ತುಳಿದ ಕಾಲುಗಳು ಅವು. ಅರವತ್ನಾಲ್ಕು ದಾಟಿದರೂ ಇನ್ನೂ ತುಳಿಯುತ್ತಿವೆ. ಅವನ ಜೊತೆ ಮಗ್ಗಕ್ಕಿಳಿದವರಲ್ಲಿ ಒಬ್ಬ ಕೋಲು ಹಿಡಿದಿದ್ದಾನೆ, ಒಬ್ಬ ಹಾಸಿಗೆ ಹಿಡಿದಿದ್ದಾನೆ, ಉಳಿದವರು ಕುಣಿ ಮುಚ್ಚಿಸಿ ಮೇಲೆ ಫರಸಿ ಹಾಸಿಕೊಂಡು ಬೇರೆ ಉದ್ಯೋಗ ನೋಡಿಕೊಂಡಿದ್ದಾರೆ. ನಾರಾಯಣಪ್ಪ ಮಾತ್ರ ಬೆಳಿಗ್ಗೆ ಎಂಟಕ್ಕೆ ಇಳಿದರೆ ಸಂಜೆ ಆರಕ್ಕೆ ಏಳುತ್ತಾನೆ. ಓಣಿಯವರು ಅದನ್ನು ಬಾಯಿ ತುಂಬ ಹೇಳುತ್ತಾರೆ. ಆ ಕಾಲುಗಳಿಗೆ ನಲವತ್ತೊಂದು ವರ್ಷ ದಿನಾ ಸಂಜೆ ನೀರು ಕಾಸಿದ ಅವನ ಹೆಂಡತಿ ಬನಶಂಕರೆವ್ವನ ತೋಳುಗಳ ಬಗ್ಗೆ ಒಮ್ಮೆ ಕೇಳಿ ನೋಡಿ. ಅವಳಿಗೆ ತೋಳುಗಳಿವೆ ಎಂಬುದನ್ನೇ ಈಗಷ್ಟೇ ಕೇಳಿದವರಂತೆ ನಿಮ್ಮ ಮುಖ ನೋಡುತ್ತಾರೆ.

ಕುಣಿ ಮಗ್ಗ ನೋಡದವರಿಗೆ ಒಂದು ಮಾತು ಹೇಳಿಬಿಡಬೇಕು. ನೆಲದಲ್ಲಿ ತೊಡೆಯಾಳದ ಕುಣಿ ತೋಡಿ ಅದರ ಮೇಲೆ ಮಗ್ಗ ಕಟ್ಟಿರುತ್ತಾರೆ. ನೇಕಾರ ಅಂಚಿಗೆ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ತಳದ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ಲಾಳಿ ಹೊಡೆಯಬೇಕು. ಕೈಯಾಟ ಎಲ್ಲರಿಗೂ ಕಾಣುತ್ತದೆ, ಕಾಲಿನ ದುಡಿಮೆ ಕುಣಿಯ ಕತ್ತಲಲ್ಲೇ ಮುಗಿಯುತ್ತದೆ. ಸಂಜೆಯ ಹೊತ್ತಿಗೆ ಮೀನಖಂಡ ಕಲ್ಲಾಗಿ, ಮೊಣಕಾಲು ಬಿಗಿದು, ಥಟ್ಟನೆ ಎದ್ದು ನಿಲ್ಲಲು ಹೋದವನು ಅಲ್ಲೇ ಕುಸಿಯುತ್ತಾನೆ. ಬನಶಂಕರೆವ್ವ ಹದಿನೆಂಟು ತುಂಬಿದ ವರ್ಷ ಶಿರಹಟ್ಟಿಯಿಂದ ಈ ಮನೆಗೆ ಸೊಸೆಯಾಗಿ ಬಂದಳು. ಬಂದ ವಾರದಲ್ಲೇ ಕಂಡದ್ದು ಇದು. ಆಳಿನಂತಹ ಆಳು, ಮಗ್ಗದಿಂದ ಬಚ್ಚಲ ತನಕ ಗೋಡೆ ಹಿಡಿದು ತೆವಳುತ್ತಿದ್ದ.

ಅತ್ತೆ ಹನಮಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿಯೂ ನೋಡುತ್ತಿರಲಿಲ್ಲ. "ನೇಕಾರ್ರ ಕಾಲ ಹಂಗ ಇರತಾವ. ಇವರಪ್ಪಂದೂ ಹಂಗ ಇತ್ತು," ಎಂದುಬಿಟ್ಟಳು. ಹೊಸ ಸೊಸೆಗೆ ಅದು ಸಹಿಸಲಾಗಲಿಲ್ಲ. ಗಂಡನ ಮೇಲೆ ಆಗ ಅವಳಿಗೆ ಪ್ರೀತಿಯಿತ್ತು. ಪ್ರೀತಿಯಿದ್ದವರು ಸುಮ್ಮನೆ ಕೂರುವುದಿಲ್ಲ, ಏನಾದರೊಂದು ಎಡವಟ್ಟು ಮಾಡುತ್ತಾರೆ.

ಪಕ್ಕದ ಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಉಡಚಪ್ಪ ಇದ್ದ. ಬಣ್ಣ ಹಾಕಿ ಮುಗಿದ ಮೇಲೆ ಕೊಪ್ಪರಿಗೆಯಲ್ಲಿ ಉಳಿದ ಬಿಸಿನೀರನ್ನು ಗಟಾರಕ್ಕೆ ಚೆಲ್ಲುತ್ತಿದ್ದ. ಬಣ್ಣ ಹಿಡಿಯಲೆಂದು ಆ ನೀರಿಗೆ ಮೊದಲೇ ಉಪ್ಪು ಸುರಿಯುವುದನ್ನು ಬನಶಂಕರೆವ್ವ ನೋಡಿದ್ದಳು. ಕಟ್ಟಿಗೆ ಸುಡುವುದು ಬೇಡ, ಉಪ್ಪಿನ ಬಿಸಿನೀರು ಪುಕ್ಕಟೆ ಸಿಗುತ್ತದೆ, ಕಾಲಿಗೆ ಒಳ್ಳೆಯದೇ ಅಲ್ಲವೇ ಎಂದುಕೊಂಡು ಎರಡು ಬಕೀಟು ಕೇಳಿ ತಂದಳು. ಮನೆಯೊಳಗೆ ಬೆಳಕು ಕಡಿಮೆ. ನೀರಿನಲ್ಲಿ ಉಳಿದ ಬಣ್ಣ ಎಷ್ಟೆಂದು ಯಾರಿಗೂ ಕಾಣಲಿಲ್ಲ. ನಾರಾಯಣಪ್ಪ ಅರ್ಧ ತಾಸು ಕಾಲಿಟ್ಟು ಕೂತು, ಎದ್ದು ಅಂಗಳಕ್ಕೆ ಬಂದರೆ ಮೊಣಕಾಲಿನ ತನಕ ಗಾಢ ನೀಲಿ. ಸಾಬೂನಿಗೆ ಬಗ್ಗಲಿಲ್ಲ, ಸೀಗೆಪುಡಿಗೆ ಬಗ್ಗಲಿಲ್ಲ. ಆ ವಾರವೇ ಲಕ್ಷ್ಮೇಶ್ವರದಲ್ಲಿ ಹತ್ತಿರದವರ ಮದುವೆ. ಧೋತರ ಉಟ್ಟುಕೊಂಡು ಚಪ್ಪರದಲ್ಲಿ ಕೂತ ನಾರಾಯಣಪ್ಪನ ಕಾಲು ನೋಡಿ ಮದುವೆಗೆ ಬಂದವರೆಲ್ಲ ನಕ್ಕರು.

"ಇನ್ನ ಮ್ಯಾಲೆ ನನ್ನ ಕಾಲಿನ ಸುದ್ದಿಗೆ ಬರಬ್ಯಾಡ," ಎಂದ ಅವನು. ಅವನು ಅಂದದ್ದು ತಪ್ಪೇನಲ್ಲ. ಆದರೆ ಅಂದಿನಿಂದ ಇಂದಿನವರೆಗೆ ಆ ಓಣಿಯಲ್ಲಿ ಬನಶಂಕರೆವ್ವನ ಹೆಸರಿನ ಜೊತೆ ಅಂಟಿಕೊಂಡದ್ದು ಆ ನೀಲಿ ನೀರೊಂದೇ.

ಅವಳು ಸುಮ್ಮನಾದಳು, ಬಿಡಲಿಲ್ಲ. ಶಿರಹಟ್ಟಿಯಲ್ಲಿ ಅವಳ ತಾಯಿ ಮೈಕೈ ನೋವಿಗೆ ಲಕ್ಕಿ ಗಿಡದ ಎಲೆ, ಅವರ ಮಾತಿನಲ್ಲಿ ಲಕ್ಕಿ ತಪ್ಪಲು, ಕುದಿಸುತ್ತಿದ್ದದ್ದು ನೆನಪಿತ್ತು. ಅಳತೆ ಗೊತ್ತಿರಲಿಲ್ಲ. ಈ ಸಲ ಗಂಡನ ಕಾಲಿಗೆ ಹಾಕುವ ಮೊದಲು ತನ್ನ ಎಡಗೈಯನ್ನೇ ಮೊಣಕೈ ತನಕ ಅದ್ದಿ ನೋಡತೊಡಗಿದಳು. ಬೇವು ಹಾಕಿದ ದಿನ ಕೈ ತುರಿಸಿತು. ಉಪ್ಪು ಹೆಚ್ಚಾದ ದಿನ ಚರ್ಮ ಬಿರಿಯಿತು. ಯಾರೋ ಹೇಳಿದರೆಂದು ಎಕ್ಕೆ ಎಲೆ ಹಾಕಿದ ದಿನ ಬೊಕ್ಕೆ ಎದ್ದು ಹದಿನೈದು ದಿನ ಕೀವು ಸೋರಿತು. ಆ ಕಲೆ ಈಗಲೂ ಇದೆ. ಕೊನೆಗೆ ಹದ ಸಿಕ್ಕಿತು. ಎರಡು ಬೊಗಸೆ ಲಕ್ಕಿ ತಪ್ಪಲು, ಒಂದು ಬೊಗಸೆ ಹುಣಸೆ ತಪ್ಪಲು, ಒಂದು ಮುಷ್ಟಿ ಹರಳುಪ್ಪು, ಜಜ್ಜಿದ ಅಜವಾನ ಒಂದು ಚಮಚ. ಮುಚ್ಚಿಟ್ಟು ತಪ್ಪಲು ಕಪ್ಪಾಗುವ ತನಕ ಕುದಿಸಿ, ಹಳೆಯ ಅರಿವೆಯಲ್ಲಿ ಸೋಸಿ, ಮೊಣಕೈ ತಾಳುವಷ್ಟು ಆರಿಸಬೇಕು. ಕಾಲು ಒರೆಸಿದ ಮೇಲೆ ಔಡಲೆಣ್ಣೆ ತೆಳ್ಳಗೆ ಸವರಬೇಕು.

ಇನ್ನೊಂದು ತೊಡಕಿತ್ತು. ಬಚ್ಚಲ ತನಕ ಬರಲಾಗದವನಿಗೆ ಬಚ್ಚಲಲ್ಲಿ ನೀರಿಟ್ಟು ಏನು ಪ್ರಯೋಜನ? ಬನಶಂಕರೆವ್ವ ಬಕೀಟನ್ನು ಮಗ್ಗದ ಹತ್ತಿರವೇ ಒಯ್ದಳು. ತುಳಿಯುವ ಹಲಗೆಗಳನ್ನು ದಾರದಿಂದ ಎತ್ತಿ ಕಟ್ಟಿ, ಬಕೀಟನ್ನು ಕುಣಿಯೊಳಕ್ಕೇ ಇಳಿಸಿದಳು. ಗಂಡ ಗೊಣಗುತ್ತಲೇ, ಕೂತ ಜಾಗದಿಂದ ಅಲುಗದೆ ಕಾಲಿಟ್ಟ. ಅತ್ತೆ ರಂಪ ಮಾಡಿದಳು. "ಮಗ್ಗದ ಕುಣಿ ಅಂದ್ರ ದೇವರ ಜಗಾ. ಅಲ್ಲಿ ಕಾಲು ತೊಳಿಯೂ ನೀರು ಇಡತಾಳ. ಎಲಿ ಕುದಿಸಿ ಕುದಿಸಿ ನನ್ನ ಕಟಗಿ ಖಾಲಿ ಮಾಡಿದ್ಲು," ಎಂದು ಓಣಿಯ ತುಂಬ ಹೇಳಿಕೊಂಡು ಬಂದಳು. ಒಂದು ತಿಂಗಳು ಸೊಸೆಯ ಜೊತೆ ಮಾತು ಬಿಟ್ಟಳು. ಅಷ್ಟರಲ್ಲಿ ನಾರಾಯಣಪ್ಪ ಗೋಡೆ ಹಿಡಿಯದೆ ನಡೆಯತೊಡಗಿದ್ದ.

ಮುಂದೆ ಹನಮಂತವ್ವನ ಮೊಣಕಾಲೂ ಹಿಡಿದವು. ಆಗ ಅದೇ ಬಾಯಿಂದ "ನನಗೂ ಒಂದು ಬಕೀಟು ಇಡು," ಎಂದಳು. ಕಾಲು ಸಡಿಲಾದಂತೆ ನಾಲಿಗೆಯೂ ಸಡಿಲಾಯಿತು. ಕಟ್ಟೆಗೆ ಕೂತು ಬಂದವರಿಗೆ, "ನಮ್ಮ ಮನಿತನದ ಔಷಧ ಇದು. ನಮ್ಮತ್ತಿ ನನಗ ಹೇಳಿಕೊಟ್ಟಿದ್ಲು, ನಾ ಈಕಿಗೆ ಕಲಿಸೇನಿ," ಎನ್ನತೊಡಗಿದಳು. ಬನಶಂಕರೆವ್ವ ಒಳಗೆ ಕೂತು ಕೇಳಿಸಿಕೊಂಡಳು. ಮೈ ಉರಿಯಿತು. ಆದರೂ ವಯಸ್ಸಾದವಳು, ಹೇಳಿಕೊಂಡರೆ ಹೇಳಿಕೊಳ್ಳಲಿ, ಗಂಡನಿಗಂತೂ ಗೊತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡಳು. ಅತ್ತೆ ತೀರಿ ಹನ್ನೆರಡು ವರ್ಷವಾಯಿತು. ಗಂಡನಿಗೆ ಗೊತ್ತಿದೆ ಎಂಬ ಈ ಒಂದು ಮಾತಿನ ಮೇಲೆ ಅವಳು ಅಷ್ಟೂ ವರ್ಷ ದಿನಾ ಒಲೆ ಹಚ್ಚಿದಳು.

ಅವಳೇನು ಕೈಕಟ್ಟಿ ಕೂತವಳಲ್ಲ. ಗಂಡ ನೇಯುವ ಸೀರೆಗೆ ಬೇಕಾದ, ಲಾಳಿಯೊಳಗೆ ಕೂರಿಸುವ ನೂಲಿನ ಕಂಡಿಕೆಯೆಲ್ಲ ಅವಳ ರಾಟಿಯಿಂದಲೇ ಬರಬೇಕು. ಬಲಗೈ ತಿರುಗಿಸಬೇಕು, ಎಡಗೈ ನೂಲು ಹಿಡಿಯಬೇಕು, ಕುತ್ತಿಗೆ ಬಗ್ಗಿಯೇ ಇರಬೇಕು. ಮೂವತ್ತೈದಕ್ಕೇ ಭುಜ ಹಿಡಿಯಿತು. ಈಗ ಬಲಗೈ ತಲೆಯ ಮೇಲಕ್ಕೆ ಏಳುವುದಿಲ್ಲ, ಜಡೆಯನ್ನು ಸೊಸೆ ಹಾಕಿಕೊಡಬೇಕು. ಕುಣಿಯಿಂದ ಬಕೀಟು ಎತ್ತುವವಳೂ ಅವಳೇ. ಎತ್ತುವ ಹೊತ್ತಿಗೆ ನೀರು ತಣ್ಣಗಾಗಿರುತ್ತದೆ. ತನಗೊಂದು ಬಕೀಟು ಬೇರೆ ಕಾಸಿಕೊಳ್ಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಯಾರಾದರೂ "ನಿನಗೂ ಒಂದೀಟು ಇಟ್ಟುಕೋ" ಎನ್ನಲಿ ಎಂದು ಕಾದಳು.

ಮಗ ರೋಹನ ಗದಗಿನಲ್ಲಿ ಬೈಕ್ ಶೋರೂಮಿನ ಕೆಲಸದಲ್ಲಿದ್ದಾನೆ. ಸೊಸೆ ರಂಜನಾ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಹೊಲಿಸಿಕೊಳ್ಳಲು ಬರುವವರಲ್ಲಿ ಪ್ರಿಯಾಂಕಾ ಎಂಬ ಹುಡುಗಿ ನಾಗಾವಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಓದುತ್ತಿದ್ದಳು. ಬೆಟಗೇರಿಯ ಹಳೆಯ ನೇಕಾರರನ್ನು ಮಾತಾಡಿಸಿ ಒಂದು ವಿಡಿಯೋ ಮಾಡಬೇಕು, ಪ್ರಾಜೆಕ್ಟಿಗೆ ಬೇಕು ಎಂದಳು. ರಂಜನಾ ಮಾವನ ಹೆಸರು ಹೇಳಿದಳು. ಜೊತೆಗೆ, "ನಮ್ಮ ಅತ್ತಿ ಒಂದು ನೀರು ಕಾಸ್ತಾರ. ಅದರ ಬಗ್ಗೆನೂ ಕೇಳ್ರಿ, ಮರೀಬ್ಯಾಡ್ರಿ," ಎಂದೂ ಸೇರಿಸಿದಳು. ಆ ಸುದ್ದಿಯನ್ನು ಅತ್ತೆಗೂ ತಲುಪಿಸಿದಳು.

ಬನಶಂಕರೆವ್ವ "ಅದರಾಗೇನ ಕೇಳೂದೈತಿ," ಎಂದಳು ನಿಜ. ಆದರೆ ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಅಸುಂಡಿ ಕಡೆಯ ಆಟೋ ಹತ್ತಿ, ಹಳ್ಳದ ದಂಡೆಗಿಳಿದು ಒಂದು ಪುಟ್ಟಿ ಹಸಿ ಲಕ್ಕಿ ತಪ್ಪಲು ಕಿತ್ತು ತಂದಳು. ಮನೆಯಲ್ಲಿ ಒಣಗಿಸಿಟ್ಟದ್ದು ಬೇಕಾದಷ್ಟಿತ್ತು. ವಿಡಿಯೋದವರು ಬರುವ ದಿನ ಪೆಟ್ಟಿಗೆಯಿಂದ ಸಾಸಿವೆ ಬಣ್ಣದ ಸೀರೆ ತೆಗೆದು ಉಟ್ಟಳು. ಅವಳಿಗೆ ಬೇಕಾದದ್ದು ಹೆಚ್ಚೇನಲ್ಲ. ನಾಲ್ಕು ಜನರ ಮುಂದೆ ಗಂಡ ಒಮ್ಮೆ "ಇದು ಈಕಿದು" ಎನ್ನಬೇಕು. ಎರಡೇ ಶಬ್ದ. ನಲವತ್ತೊಂದು ವರ್ಷಕ್ಕೆ ಇದು ಜಾಸ್ತಿಯಾಯಿತು ಎಂದು ಯಾರಾದರೂ ಹೇಳುವುದಾದರೆ ಅಂಥವರ ಜೊತೆ ನನಗೆ ಮಾತಿಲ್ಲ.

ಪ್ರಿಯಾಂಕಾ ಬಂದಳು. ಜೊತೆಗೆ ಕ್ಯಾಮೆರಾ ಹಿಡಿದ ಲೋಹಿತ ಎಂಬ ಸಹಪಾಠಿ ಇದ್ದ. ಇಬ್ಬರೂ ಮರ್ಯಾದಸ್ಥರು, ಚಪ್ಪಲಿ ಹೊರಗೆ ಬಿಟ್ಟು ಮಗ್ಗಕ್ಕೆ ಕೈ ಮುಗಿದೇ ಒಳಗೆ ಬಂದರು. ನಾರಾಯಣಪ್ಪನಿಗೆ ಹುರುಪು ಬಂದಿತ್ತು. ಅಂಚಿನ ಲೆಕ್ಕ, ಬಣ್ಣದ ಹೊಂದಿಕೆ, ತನ್ನ ತಂದೆಯ ಕೈಚಳಕ, ಎಲ್ಲವನ್ನೂ ಚೆನ್ನಾಗಿ ಹೇಳಿದ. ಬನಶಂಕರೆವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದಳು. ಹೇಳುವ ಮಾತು ಅವನಿಗೆ ಬರುತ್ತದೆ, ಅದು ಅವಳಿಗೂ ಗೊತ್ತು.

ಆಮೇಲೆ ಪ್ರಿಯಾಂಕಾ, "ಅಮ್ಮಾರ, ಆ ನೀರು ತರ್ತೀರೇನ್ರಿ?" ಎಂದಳು. ಬನಶಂಕರೆವ್ವ ಹಲಗೆ ಎತ್ತಿ ಕಟ್ಟಿ ಬಕೀಟು ಇಳಿಸಿದಳು. ಹಸಿ ತಪ್ಪಲಿನ ಕಂಪು ಮನೆಯೆಲ್ಲ ಹರಡಿತು. ಗಂಡನ ಕಾಲನ್ನು ಅವಳು ಬಕೀಟಿನೊಳಗೆ ಇಡುವಾಗ ಲೋಹಿತ, "ಒಂದೀಟು ಹಿಂದ ಸರೀರಿ ಅಮ್ಮಾರ, ನೆಳ್ಳ ಬೀಳಾಕತ್ತೈತಿ," ಎಂದ. ಅವಳು ಸರಿದಳು.

"ಕಾಕಾರ, ಈ ನೀರಿನ ಔಷಧ ಯಾರು ಕಲಿಸಿದ್ದು?" ಎಂದು ಪ್ರಿಯಾಂಕಾ ಕೇಳಿದಳು.

"ಇದು ನಮ್ಮ ಅವ್ವಂದು," ಎಂದ ನಾರಾಯಣಪ್ಪ. ಒಂದು ಕ್ಷಣವೂ ತಡೆಯಲಿಲ್ಲ. "ನಮ್ಮವ್ವ ಹನಮಂತವ್ವ ಅಂತ. ಆಕಿ ಕೈಗುಣ ಹಂಗಿತ್ತು. ಆಕಿಂದ ಈ ಕಾಲು ಉಳದಾವ. ಈಕಿ ಮಾಡಿದ್ದು ಬ್ಯಾರೆನ ಐತಿ, ಕೇಳ್ರಿಲ್ಲಿ." ಅಲ್ಲಿಂದ ಶುರುವಾಯಿತು ನೀಲಿ ನೀರಿನ ಕಥೆ. ಉಡಚಪ್ಪನ ಕೊಪ್ಪರಿಗೆ, ಲಕ್ಷ್ಮೇಶ್ವರದ ಚಪ್ಪರ, ಧೋತರ, ಒಂದನ್ನೂ ಬಿಡಲಿಲ್ಲ. ಹುಡುಗರು ಹೊಟ್ಟೆ ಹಿಡಿದು ನಕ್ಕರು. ಕಥೆ ನಗುವಂಥದ್ದೇ.

ಬನಶಂಕರೆವ್ವ ನಗಲಿಲ್ಲ. ಪ್ರಿಯಾಂಕಾ ಅದನ್ನು ಗಮನಿಸಿದಳೇನೋ, ಕ್ಯಾಮೆರಾವನ್ನು ಅವಳ ಕಡೆ ತಿರುಗಿಸುವಂತೆ ಲೋಹಿತನಿಗೆ ಸನ್ನೆ ಮಾಡಿ, "ನೀವೇನರ ಹೇಳ್ತೀರೇನ್ರಿ ಅಮ್ಮಾರ?" ಎಂದಳು.

ಹೇಳಬಹುದಿತ್ತು. ಎಡಗೈ ಮುಂದೆ ಚಾಚಿ ಎಕ್ಕೆಯ ಕಲೆ ತೋರಿಸಿದ್ದರೂ ಸಾಕಿತ್ತು. ಆದರೆ ಸತ್ತ ಅತ್ತೆಯನ್ನು ಸುಳ್ಳುಗಾತಿ ಎಂದು, ಎದುರಿಗೆ ಕೂತ ಗಂಡನನ್ನು ಮರೆಗುಳಿ ಎಂದು ಪರರ ಮುಂದೆ ಹೇಳುವುದು ಅವಳಿಂದಾಗಲಿಲ್ಲ. ಅವನ ಬಾಯಿಂದ ಬರಬೇಕಾದದ್ದನ್ನು ತಾನೇ ಹೇಳಿಕೊಂಡರೆ ಅದು ಬೇಡಿ ಪಡೆದಂತಾಗುತ್ತಿತ್ತು. "ಚಾ ಆರತೈತಿ, ಕುಡೀರಿ," ಎಂದಳು. ವಿಡಿಯೋದಲ್ಲಿ ಅವಳ ಮಾತು ಅಂತ ಇರುವುದು ಅದೊಂದೇ.

ಹುಡುಗರು ಹೋದ ಮೇಲೆ ರಂಜನಾ ಹೊಲಿಗೆ ಬಿಟ್ಟು ಬಂದು, "ಯಾಕ ಸುಮ್ಮನ ನಿಂತ್ರಿ ಅತ್ತಿ? ನನಗ ಗೊತ್ತಿಲ್ಲೇನು ಅದು ಯಾರದಂತ?" ಎಂದಳು.

"ನಿನಗ ಗೊತ್ತಾಗಿ ಏನ ಮಾಡ್ಲಿ," ಎಂದಳು ಬನಶಂಕರೆವ್ವ. ಮಾತು ಬಿರುಸಾಗಿಯೇ ಬಂತು. ತನ್ನ ಪರ ನಿಂತ ಒಬ್ಬಳ ಮೇಲೆ ಸಿಟ್ಟು ತೀರಿಸಿಕೊಂಡೆನಲ್ಲ ಎಂದು ಆಮೇಲೆ ಅನ್ನಿಸಿತು.

ಊಟಕ್ಕೆ ಕೂತಾಗ ಗಂಡನನ್ನು ಕೇಳಿಯೇಬಿಟ್ಟಳು. "ಆ ನೀರು ನಿಮ್ಮವ್ವ ಕಲಿಸಿದ್ದು ಅಂದ್ರಲ್ಲ. ಯಾವಾಗ ಕಲಿಸಿದ್ರು?"

"ಮೊದಲಿಂದ ಇತ್ತು. ನೀ ಬರೂಕಿಂತ ಮೊದಲೂ ಅವ್ವ ಕಾಸ್ತಿದ್ಲು."

"ನಾ ಬಂದಾಗ ನೀವು ಗ್ವಾಡಿ ಹಿಡಕೊಂಡು ತೆವಳತಿದ್ರಿ."

"ನಿನಗ ಎಲ್ಲಾ ತಪ್ಪ ನೆನಪೈತಿ," ಎಂದು ನಾರಾಯಣಪ್ಪ ರೊಟ್ಟಿ ಮುರಿದ. "ಯಾರದರ ಆಗ್ಲಿ ಬಿಡು. ನೀರಿಗೇನು ಹೆಸರು ಬರದಿರತೈತೇನು."

ಅವನು ಜಗಳಕ್ಕೆ ಬಂದಿದ್ದರೆ ಅವಳಿಗೆ ಸ್ವಲ್ಪ ನೆಮ್ಮದಿಯಾಗುತ್ತಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದವನ ಮುಖವೂ ಅಲ್ಲ ಅದು. ಅವನು ನಿಜವಾಗಿಯೂ ಹಾಗೇ ನಂಬಿದ್ದ. ಅವ್ವ ಕಟ್ಟೆಯಲ್ಲಿ ಕೂತು ಹೇಳಿದ್ದು ಅವನ ತಲೆಯಲ್ಲಿ ಉಳಿದಿತ್ತು, ಹೆಂಡತಿ ಕಣ್ಣೆದುರು ಮಾಡಿದ್ದು ಉಳಿದಿರಲಿಲ್ಲ. ಗಂಡನಿಗೆ ಗೊತ್ತಿದೆ ಎಂದು ತಾನು ನಂಬಿಕೊಂಡದ್ದೇ ಸುಳ್ಳೆಂದು ಬನಶಂಕರೆವ್ವನಿಗೆ ತಿಳಿದದ್ದು ಆ ಊಟದಲ್ಲಿ.

ಮರುದಿನ ಸಂಜೆ ಒಲೆಯ ಮೇಲೆ ಹಂಡೆಯಿಟ್ಟಳು. ತಪ್ಪಲಿನ ಪುಟ್ಟಿ ಪಕ್ಕದಲ್ಲೇ ಇತ್ತು. ಅದಕ್ಕೆ ಕೈ ಹಾಕಲಿಲ್ಲ. ಉಪ್ಪಿನ ಡಬ್ಬಿ ತೆಗೆಯಲಿಲ್ಲ. ನಳದ ನೀರನ್ನು ಬರಿದೇ ಕಾಸಿ ಬಕೀಟಿಗೆ ಸುರಿದು ಕುಣಿಗೆ ಇಳಿಸಿದಳು. ಕುಣಿಯ ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ, ತಂಬಾಕು ಹಾಕುವ ಗಂಡನ ಮೂಗಿಗೆ ವಾಸನೆ ಹತ್ತುವುದಿಲ್ಲ, ಆದರೆ ಕಾಲಿಗಾದರೂ ತಿಳಿಯಬೇಕಲ್ಲ. ಅವನು ಕೇಳಿಯೇ ಕೇಳುತ್ತಾನೆ, "ಯಾಕ, ತಪ್ಪಲ ಹಾಕಿಲ್ಲೇನು?" ಎನ್ನುತ್ತಾನೆ. ಆಗ "ನಿಮ್ಮವ್ವನ್ನ ಕೇಳ್ರಿ" ಎನ್ನಬೇಕು. ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ನಾರಾಯಣಪ್ಪ ಕಾಲಿಟ್ಟ. ಕಣ್ಣು ಮುಚ್ಚಿದ. ಎಂದಿನಂತೆ ಒಂದು ಉಸಿರು ಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ, "ಇವತ್ತ ನೀರು ಭಾಳ ಚಲೋ ಬಂದೈತಿ ನೋಡು. ದಿನಾ ಹಿಂಗ ಮಾಡು," ಎಂದ.

ಅವಳ ನಾಲಿಗೆಯ ಮಾತು ಅಲ್ಲೇ ಉಳಿಯಿತು. ಇಷ್ಟು ವರ್ಷಗಳಲ್ಲಿ ಅವಳು ಕಾಸಿದ ನೀರೆಂದು ಅವನು ಹೊಗಳಿದ್ದು ಅದೇ ಮೊದಲು.

ಮರುದಿನವೂ ಬರೀ ನೀರು. ಅದರ ಮರುದಿನವೂ ಅದೇ. ಹೇಳಬಾರದು, ಆದರೆ ಹೇಳುತ್ತೇನೆ, ಅವನ ಕಾಲು ಹಿಡಿಯಲಿ ಎಂದು ಅವಳು ಕಾದಳು. ಒಂದು ಸಂಜೆಯಾದರೂ ಎದ್ದು ನಿಲ್ಲಲಾಗದೆ ಗೋಡೆಗೆ ಕೈ ಚಾಚಲಿ, ಆಗ ಗೊತ್ತಾಗುತ್ತದೆ ಎಂದು ಬಾಗಿಲ ಮರೆಯಿಂದ ನೋಡಿದಳು. ದೇವರಿಗೆ ಹೇಳಿಕೊಳ್ಳಲಾಗದ ಆಸೆ ಅದು. ಹದಿನೈದು ದಿನ ಕಳೆದವು. ನಾರಾಯಣಪ್ಪ ದಿನಾ ಕಾಲು ಒರೆಸಿಕೊಂಡು, ಎದ್ದು, ಯಾವ ಗೋಡೆಯನ್ನೂ ಮುಟ್ಟದೆ ಹೊರಗೆ ಕಟ್ಟೆಗೆ ಹೋಗಿ ಕೂತ. ಅಲ್ಲಿ ಬಂದವರಿಗೆ ಮೊಬೈಲಿನಲ್ಲಿ ವಿಡಿಯೋ ತೋರಿಸಿ, ಅವ್ವನ ನೀರಿನ ಗುಣ ಹೇಳಿದ.

"ಅತ್ತಿ, ತಪ್ಪಲ ಒಣಗಿ ಉದುರಾಕತ್ತೈತಿ. ಚೆಲ್ಲಲೇನ್ರಿ?" ಎಂದು ರಂಜನಾ ಕೇಳಿದಳು.

"ಬ್ಯಾಡ ಬಿಡವಾ," ಎಂದಳು ಬನಶಂಕರೆವ್ವ.

ಅವತ್ತು ಸಂಜೆ ಅವಳು ಅಳತೆ ತಪ್ಪದೆ ಎಲ್ಲ ಹಾಕಿ ನೀರು ಕುದಿಸಿದಳು. ಸೋಸಿದಳು. ಮೊಣಕೈ ಇಟ್ಟು ಬಿಸಿ ನೋಡಿದಳು. ಬಕೀಟನ್ನು ಮಗ್ಗದ ಕಡೆ ಒಯ್ಯದೆ ಬಚ್ಚಲಿಗೆ ಒಯ್ದು, ಬಾಗಿಲು ಎಳೆದುಕೊಂಡು, ಮಣೆಯ ಮೇಲೆ ಕೂತು ಎರಡೂ ತೋಳುಗಳನ್ನು ಮುಳುಗಿಸಿದಳು. ಅರಿವೆಯನ್ನು ಅದರಲ್ಲೇ ಅದ್ದಿ ಬಲಭುಜದ ಮೇಲೆ ಹಾಕಿಕೊಂಡಳು. ಮಗ್ಗದ ಕಡೆಯಿಂದ ನಾರಾಯಣಪ್ಪ, "ಏ, ನೀರು ಎಲ್ಲಿ?" ಎಂದು ಕೂಗಿದ. ಎರಡನೆಯ ಸಲ ಕೂಗಿದ.

"ರಂಜನಾ," ಎಂದಳು ಒಳಗಿನಿಂದಲೇ, "ನಿಮ್ಮ ಮಾವಾರಿಗೆ ಒಂದು ಬಕೀಟು ಬಿಸಿನೀರು ಕೊಡವಾ. ಏನೂ ಹಾಕಬ್ಯಾಡ."

ಅರ್ಧ ತಾಸು ಹಾಗೇ ಕೂತಳು. ಭುಜ ಸಡಿಲಾಯಿತು. ಬಲಗೈಯನ್ನು ಮೆಲ್ಲಗೆ ಎತ್ತಿ ನೋಡಿದಳು, ಕಿವಿಯ ತನಕ ಬಂತು. ತಪ್ಪಲಿನಿಂದ ಬಂತೋ, ಬರೀ ಬಿಸಿನೀರಿನಿಂದ ಬಂತೋ, ನಲವತ್ತೊಂದು ವರ್ಷ ಕಾಸಿದವಳಿಗೇ ಹೇಳಲಾಗಲಿಲ್ಲ.